ಹಳೆಯ ಜೆಕ್ ಪ್ರವಾಸಕಥನಗಳನ್ನು ಕನ್ನಡದ ಕಿವಿಯಿಂದ ಓದುವುದು ಹೇಗೆ

ಪ್ರಾಗ್ ನಗರದಿಂದ ಹೊರಟು, ಆಲ್ಪ್ಸ್ ಪರ್ವತಗಳನ್ನು ದಾಟಿ, ವೆನಿಸ್ ಮುಟ್ಟಿ, ಅಲ್ಲಿ ಹಡಗು ಹತ್ತಿ, ಸೈಪ್ರಸ್ ದ್ವೀಪದಲ್ಲಿ ತಂಗಿ, ಯಾಫಾ ಬಂದರಿನಲ್ಲಿ ಇಳಿದು ಜೆರುಸಲೇಮಿಗೆ ಹೋದೆವು. ಈ ವಾಕ್ಯದಲ್ಲಿ ಕನ್ನಡಿಗರಿಗೆ ವಿಶೇಷವೇನೂ ಕಾಣುವುದಿಲ್ಲ. ನಮ್ಮ ಅಜ್ಜಿಯರು ಕಾಶಿಯಾತ್ರೆಯ ಕಥೆ ಹೇಳುತ್ತಿದ್ದುದೂ ಹೀಗೆಯೇ. ಇದನ್ನೇ ಇಂಗ್ಲಿಷಿನಲ್ಲಿ ಹೇಳಹೊರಟವರು ವಾಕ್ಯವನ್ನು ಮೂರು ನಾಲ್ಕು ತುಂಡು ಮಾಡಬೇಕಾಗುತ್ತದೆ, ಇಲ್ಲವೇ ‘ಮತ್ತು’ಗಳ ಸರಪಣಿ ಹೆಣೆಯಬೇಕಾಗುತ್ತದೆ. 15 ಮತ್ತು 16ನೆಯ ಶತಮಾನಗಳ ಜೆಕ್ ಯಾತ್ರಿಕನಿಗೆ ಆ ಕಷ್ಟವಿರಲಿಲ್ಲ. ಅವನ ಭಾಷೆಯಲ್ಲಿ ‘ಹೊರಟು’, ‘ಮುಟ್ಟಿ’, ‘ಇಳಿದು’ ಎಂಬಂಥ ರೂಪಗಳು ಬೇಕಾದಷ್ಟಿದ್ದವು. ಆದುದರಿಂದ ಹಳೆಯ ಜೆಕ್ ಪ್ರವಾಸಕಥನಗಳನ್ನು ಓದಬಯಸುವ ಕನ್ನಡಿಗರು ಇಂಗ್ಲಿಷನ್ನು ನಡುವೆ ತಾರದೆ, ಜೆಕ್‌ನಿಂದ ನೇರವಾಗಿ ಕನ್ನಡಕ್ಕೆ ಅರ್ಥ ಮಾಡಿಕೊಳ್ಳುತ್ತ ಹೋಗುವುದೇ ಸುಲಭದ ದಾರಿಯೆಂದು ನಾನು ಹೇಳುತ್ತೇನೆ. ಇಂದಿನ ಜೆಕ್ ಭಾಷೆಯ ಪ್ರಾಥಮಿಕ ವ್ಯಾಕರಣವನ್ನು ಒಂದೆರಡು ವರ್ಷ ಕಲಿತು, ಹಳೆಯ ಪುಸ್ತಕವನ್ನು ತೆರೆದು ದಿಕ್ಕು ತೋಚದೆ ಕುಳಿತವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆದಿದ್ದೇನೆ.

ಯಾರಿಂದ ತೊಡಗುವುದು

ಜೆಕ್ ಭಾಷೆ ದೂರದ ದೇಶಗಳ ಮಾತನ್ನು ಮೊದಲು ಕಲಿತದ್ದು ಅನುವಾದಗಳಿಂದ. ಮಾರ್ಕೊ ಪೋಲೊನ ಕಥನ 15ನೆಯ ಶತಮಾನದ ಹೊತ್ತಿಗೆ ಜೆಕ್‌ಗೆ ಬಂದಿತ್ತು. ಮ್ಯಾಂಡವಿಲ್ ಎಂಬ ಹೆಸರಿನಲ್ಲಿ ಯುರೋಪಿನಾದ್ಯಂತ ಓಡಾಡುತ್ತಿದ್ದ, ಬಹುಪಾಲು ಕಲ್ಪಿತವಾದ ಪ್ರವಾಸವನ್ನು ಬ್ರ್ಝೆಜೊವಾದ ವಾವ್ರ್ಝಿನೆತ್ಸ್ ಎಂಬ ಪಂಡಿತ ಜರ್ಮನ್ ಪಾಠದಿಂದ ಜೆಕ್‌ಗೆ ತಂದಿದ್ದ. ಈ ಎರಡನ್ನೂ ಹೊಸದಾಗಿ ತೊಡಗುವವರಿಗೆ ನಾನು ಸೂಚಿಸುವುದಿಲ್ಲ. ಅವುಗಳ ವಾಕ್ಯಗಳ ಅಡಿಯಲ್ಲಿ ಲ್ಯಾಟಿನ್ ಮತ್ತು ಜರ್ಮನ್ ವಾಕ್ಯಗಳ ನೆರಳು ಬಿದ್ದಿರುವುದರಿಂದ ಯಾವುದು ಜೆಕ್‌ನ ಸ್ವಂತ ನಡೆ, ಯಾವುದು ಎರವಲು ಎಂದು ಬೇರ್ಪಡಿಸುವುದು ಹೊಸಬರಿಗೆ ಆಗದ ಮಾತು.

ಲಿತೊಮಿಶ್ಲ್ ಪಟ್ಟಣದ ಮಾರ್ಟಿನ್ ಕಬಾತ್ನೀಕ್‌ನಿಂದ ತೊಡಗಿರಿ. ಇವನು ಪಂಡಿತನಲ್ಲ, ಸಾಮಾನ್ಯ ಪಟ್ಟಣಿಗ. ‘ಸೋದರರ ಒಕ್ಕೂಟ’ವೆಂಬ ಸುಧಾರಕ ಪಂಥಕ್ಕೆ ಸೇರಿದವನು. ಮಲಿನವಾಗದ ಕ್ರೈಸ್ತ ಬಾಳ್ವೆ ಪೂರ್ವದೇಶಗಳಲ್ಲಿ ಎಲ್ಲಾದರೂ ಉಳಿದಿದೆಯೇ ಎಂದು ನೋಡಿಬರಲು ಆ ಪಂಥ 1491ರಲ್ಲಿ ಕಳುಹಿಸಿದವರಲ್ಲಿ ಇವನೂ ಒಬ್ಬ. ಜೆರುಸಲೇಮ್ ಮತ್ತು ಕೈರೊಗಳನ್ನು ಕಂಡು 1492ರಲ್ಲಿ ಮರಳಿದ ಅವನ ಕಥೆಯನ್ನು ಬರಹಕ್ಕೆ ಇಳಿಸಿದವನು ಅದೇ ಊರಿನ ಲಿಪಿಕಾರ. ಹೇಳಿ ಬರೆಯಿಸಿದ ಕಥೆಯಾದ ಕಾರಣ ವಾಕ್ಯಗಳು ಮಾತಿನ ಏರಿಳಿತದಲ್ಲಿಯೇ ಇವೆ. ಇದರ 1894ರ ಸಂಪಾದಿತ ಆವೃತ್ತಿ ಓದಲು ಅನುಕೂಲವಾಗಿದೆ.

ಅವನ ಬೆನ್ನಿಗೆ, 1493ರಲ್ಲಿ ಜೆರುಸಲೇಮಿಗೆ ಹೋಗಿಬಂದ ಲೋಬ್ಕೊವಿತ್ಸ್ ಮನೆತನದ ಯಾನ್ ಹಸಿಶ್ಟೆಯ್ನ್‌ಸ್ಕೀಯನ್ನು ಓದಬಹುದು. ಅವನು 1505ರಲ್ಲಿ ಕುಳಿತು ಬರೆದದ್ದು ಒಬ್ಬ ಶ್ರೀಮಂತ ಪ್ರಭುವಿನ ನಿಧಾನದ ಗದ್ಯ. ಅವನ ತಮ್ಮ ಬೊಹುಸ್ಲಾವ್ ಲ್ಯಾಟಿನ್‌ನಲ್ಲಿ ಹೆಸರಾದ ಕವಿ. ಒಂದೇ ಮನೆಯಲ್ಲಿ ತಮ್ಮ ಲ್ಯಾಟಿನ್‌ನಲ್ಲಿ ಬರೆದರೆ ಅಣ್ಣ ತನ್ನ ಯಾತ್ರೆಗೆ ಜೆಕ್ ಭಾಷೆಯನ್ನು ಆರಿಸಿಕೊಂಡದ್ದು ಗಮನಿಸತಕ್ಕ ಸಂಗತಿ. 1546ರಲ್ಲಿ ಯಾತ್ರೆ ಮಾಡಿ 1563ರಲ್ಲಿ ಪುಸ್ತಕ ಅಚ್ಚು ಮಾಡಿಸಿದ ಓಲ್ದ್ರ್ಝಿಖ್ ಪ್ರೆಫಾತ್ ಗಣಿತಜ್ಞ. ದೂರ, ಎತ್ತರ, ಅಗಲಗಳನ್ನು ಅಳೆಯದೆ ಮುಂದಡಿ ಇಡುವವನಲ್ಲ. ಕಥೆಯ ಓಟ ಬೇಕೆನ್ನುವವರಿಗೆ ಮಿತ್ರೊವಿತ್ಸೆಯ ವಾತ್ಸ್ಲಾವ್ ವ್ರತಿಸ್ಲಾವ್ ಇದ್ದಾನೆ. 1591ರಲ್ಲಿ ಚಕ್ರವರ್ತಿಯ ರಾಯಭಾರಿಯ ಪರಿವಾರದೊಡನೆ ಇಸ್ತಾಂಬುಲ್‌ಗೆ ಹೋದಾಗ ಅವನು ಹದಿಹರೆಯದ ಹುಡುಗ. ಅಲ್ಲಿ ಸೆರೆಸಿಕ್ಕು, ಹಡಗಿನ ಹುಟ್ಟುಹಾಕುವ ಕೈದಿಯಾಗಿ ದುಡಿದು, ಬಿಡುಗಡೆಯಾಗಿ ಊರಿಗೆ ಬಂದು 1599ರಲ್ಲಿ ಬರೆದ ಈ ಕಥೆ ಅಚ್ಚಾದದ್ದು 1777ರಲ್ಲಿ.

ಕ್ರಿಶ್ತೋಫ್ ಹರಂತ್‌ನನ್ನು ಕೊನೆಗೆ ಇಟ್ಟುಕೊಳ್ಳಿರಿ. 1598ರಲ್ಲಿ ಹೆರ್ಝ್ಮನ್ ಚೆರ್ನೀನ್ ಎಂಬ ಬಂಧುವಿನೊಡನೆ ಜೆರುಸಲೇಮ್ ಮತ್ತು ಈಜಿಪ್ಟ್‌ಗಳನ್ನು ಸುತ್ತಿಬಂದು 1608ರಲ್ಲಿ ಪ್ರಾಗ್‌ನಲ್ಲಿ ಅಚ್ಚು ಹಾಕಿಸಿದ ಅವನ ಪುಸ್ತಕ ಆ ಕಾಲದ ವಿದ್ವದ್ಗದ್ಯದ ಶಿಖರ. ಕಣ್ಣಿಗೆ ಬಿದ್ದ ಪ್ರತಿ ವಸ್ತುವಿಗೂ ಅವನು ಪ್ರಾಚೀನ ಗ್ರಂಥಕಾರರ ಸಾಕ್ಷ್ಯ ತರುತ್ತಾನೆ. ವಾಕ್ಯ ಅರ್ಧ ಪುಟ ಹರಿದು ಲ್ಯಾಟಿನ್ ರೀತಿಯಲ್ಲಿ ಕ್ರಿಯಾಪದವನ್ನು ತುದಿಗೆ ತಂದು ನಿಲ್ಲಿಸುತ್ತದೆ. ಕ್ರಿಯಾಪದ ಕೊನೆಗೆ ಬರುವುದು ನಮಗೆ ಒಗ್ಗಿದ ಸಂಗತಿಯೇ ಆದರೂ ಅಲ್ಲಿಗೆ ತಲುಪುವಷ್ಟರಲ್ಲಿ ಕರ್ತೃ ಯಾರೆಂಬುದು ಮರೆತುಹೋಗಿರುತ್ತದೆ. ಸಂಗೀತ ರಚನಕಾರನೂ ಆಗಿದ್ದ ಹರಂತ್, ಜೆರುಸಲೇಮಿನಲ್ಲಿ ತಾನು ಕಟ್ಟಿದ ಆರು ಧ್ವನಿಗಳ ಸ್ತೋತ್ರವೊಂದನ್ನು ಸ್ವರಲಿಪಿಯೊಡನೆ ಪುಸ್ತಕದಲ್ಲಿ ಸೇರಿಸಿದ್ದಾನೆ. 1621ರ ಜೂನ್ 21ರಂದು ಪ್ರಾಗ್‌ನ ಹಳೆಯೂರ ಚೌಕದಲ್ಲಿ ಶಿರಚ್ಛೇದಕ್ಕೆ ಒಳಗಾದ, ಹ್ಯಾಬ್ಸ್‌ಬರ್ಗ್ ಅರಸರ ವಿರುದ್ಧದ ಬಂಡಾಯದ ನಾಯಕರಲ್ಲಿ ಅವನೂ ಒಬ್ಬ.

ಇನ್ನೊಂದು ಹೆಸರು ನಿಮಗೆ ಎದುರಾಗುತ್ತದೆ: 1465ರಿಂದ 1467ರವರೆಗೆ ಪಶ್ಚಿಮ ಯುರೋಪನ್ನು ಸುತ್ತಿದ ರೋಜ್ಮಿತಾಲ್‌ನ ಲೆವ್ ಎಂಬ ಪ್ರಭುವಿನ ಪರಿವಾರದಲ್ಲಿದ್ದ ವಾತ್ಸ್ಲಾವ್ ಶಾಶೆಕ್. ಅವನು ಜೆಕ್‌ನಲ್ಲಿ ಬರೆದ ಮೂಲ ಕಳೆದುಹೋಗಿ, 1577ರಲ್ಲಿ ಅಚ್ಚಾದ ಲ್ಯಾಟಿನ್ ಅನುವಾದವಷ್ಟೇ ಉಳಿದಿದೆ. ಇಂದು ಜೆಕ್‌ನಲ್ಲಿ ದೊರೆಯುವ ಶಾಶೆಕ್ ಆ ಲ್ಯಾಟಿನ್‌ನಿಂದ ಮರಳಿ ಬಂದವನು; ಭಾಷೆಯ ಅಭ್ಯಾಸಕ್ಕೆ ಅವನನ್ನು ಹಿಡಿದರೆ ಕೈಗೆ ಸಿಗುವುದು 15ನೆಯ ಶತಮಾನದ ಜೆಕ್ ಅಲ್ಲ. ಹಾಗೆಯೇ, ಸ್ಲಾವ್ ಭಾಷೆಯ ಹಳೆಯ ಪ್ರವಾಸಿ ಎಂದೊಡನೆ ನಮ್ಮಲ್ಲಿ ಹಲವರಿಗೆ 15ನೆಯ ಶತಮಾನದಲ್ಲಿ ಬೀದರಿಗೆ ಬಂದು ನೆಲೆಸಿದ್ದ ಅಫನಾಸಿ ನಿಕಿತಿನ್ ನೆನಪಾಗುತ್ತಾನೆ. ಆದರೆ ಅವನು ತ್ವೇರ್ ನಗರದ ರಷ್ಯನ್ ವರ್ತಕ, ಬರೆದದ್ದು ಹಳೆಯ ರಷ್ಯನ್‌ನಲ್ಲಿ. ಭಾಷೆಗಳು ದಾಯಾದಿಗಳಾದರೂ ಒಂದನ್ನು ಕಲಿತು ಇನ್ನೊಂದನ್ನು ಓದಲಾಗದು.

ಅಕ್ಷರಗಳ ಮುಖವಾಡ

ಹಳೆಯ ಮುದ್ರಿತ ಪುಟ ಕಂಡು ಬೆದರಬೇಕಾಗಿಲ್ಲ. ಅಚ್ಚುಮೊಳೆ ಜರ್ಮನ್ ನಾಡಿನ ಕೊಂಕು ಗೋಥಿಕ್ ಅಕ್ಷರಗಳದು. ಒಂದು ವಾರ ದಿನಕ್ಕೆ ಅರ್ಧ ತಾಸು ಕಣ್ಣಾಡಿಸಿದರೆ ಪಳಗುತ್ತದೆ. ಕಾಗುಣಿತದ ವಿಷಯ ಸ್ವಲ್ಪ ಬೇರೆ. ಅಕ್ಷರಗಳ ಮೇಲೆ ಚುಕ್ಕೆ ಮತ್ತು ಗೆರೆ ಇಡುವ ಪದ್ಧತಿಯನ್ನು 15ನೆಯ ಶತಮಾನದ ಆರಂಭದ ಧರ್ಮಸುಧಾರಕ ಯಾನ್ ಹುಸ್‌ನ ಹೆಸರಿನೊಡನೆ ಜೋಡಿಸುವುದು ವಾಡಿಕೆ. ಆದರೆ ಮುದ್ರಣಾಲಯಗಳಲ್ಲಿ ನೆಲೆನಿಂತದ್ದು ಅದರ ಜೊತೆಗೆ ಹಳೆಯ ಜೋಡಕ್ಷರಗಳನ್ನೂ ಉಳಿಸಿಕೊಂಡ ಮಿಶ್ರ ಪದ್ಧತಿ. ಅದನ್ನು ‘ಸೋದರರ ಕಾಗುಣಿತ’ ಎನ್ನುತ್ತಾರೆ.

ಅದರಲ್ಲಿ ಯಕಾರದ ಧ್ವನಿಗೆ ರೋಮನ್ ಜಿ ಅಕ್ಷರ, ದೀರ್ಘ ಈಕಾರಕ್ಕೆ ಜೆ ಅಕ್ಷರ, ವಕಾರಕ್ಕೆ ಡಬ್ಲ್ಯೂ, ಪದದ ಮೊದಲ ಉಕಾರಕ್ಕೆ ವಿ ಅಕ್ಷರ ಬಳಕೆಯಾಗುತ್ತವೆ. ಇಂದು ‘ಓಉ’ ಎಂದು ಬರೆಯುವ ಸಂಧ್ಯಕ್ಷರವನ್ನು ಅಂದು ‘ಆಉ’ ಎಂದು ಬರೆಯುತ್ತಿದ್ದರು. ಶಕಾರಕ್ಕೆ ಎರಡು ಎಸ್‌ಗಳನ್ನು ಸೇರಿಸುತ್ತಿದ್ದರು. ಹೀಗಾಗಿ ‘ಅವಳ’ ಎಂಬ ಅರ್ಥದ ‘ಯೆಯೀ’ ಎಂಬ ಪದ ಪುಟದ ಮೇಲೆ ಜಿ, ಇ, ಜಿ, ಜೆ ಎಂಬ ನಾಲ್ಕು ಅಕ್ಷರಗಳಾಗಿ ಕುಳಿತಿರುತ್ತದೆ. ಇದನ್ನು ಕಣ್ಣಿನಿಂದ ಓದಿದರೆ ‘ಗೆಗ್ಜ್’ ಎಂಬ ಅನಾಮಧೇಯ ಪ್ರಾಣಿ ಎದುರಾದಂತೆ ಆಗುತ್ತದೆ. ಗಟ್ಟಿಯಾಗಿ, ಸರಿಯಾದ ಧ್ವನಿಯಲ್ಲಿ ಓದಿದರೆ ದಿನಬಳಕೆಯ ಪದ. ಜಿ ಮತ್ತು ಜೆಗಳ ಬಳಕೆ ಬದಲಾದದ್ದು 1842ರಲ್ಲಿ, ಡಬ್ಲ್ಯೂ ಮತ್ತು ‘ಆಉ’ ಹೋದದ್ದು 1849ರಲ್ಲಿ. ಆದ್ದರಿಂದ ಪುಸ್ತಕದ ಅಚ್ಚಿನ ವರ್ಷ ನೋಡಿದರೆ ಯಾವ ಕಾಗುಣಿತ ಎದುರಾಗಲಿದೆಯೆಂದು ತೆರೆಯುವ ಮೊದಲೇ ತಿಳಿಯುತ್ತದೆ. ಹರಂತ್‌ನ ಪುಸ್ತಕವನ್ನು ಕರೆಲ್ ಯಾರೊಮಿರ್ ಎರ್ಬೆನ್ 1854–55ರಲ್ಲಿ ಮತ್ತೆ ಸಂಪಾದಿಸಿ ಹೊರತಂದ. ಅದನ್ನು ಹಿಡಿದರೆ ಈ ಗೋಜಲಿನ ಬಹುಭಾಗ ತಪ್ಪುತ್ತದೆ.

ಮೂರು ನ್ಯೂನಗಳು

ಈಗ ಆರಂಭದ ಮಾತಿಗೆ ಬರೋಣ. ಕನ್ನಡ ವ್ಯಾಕರಣದಲ್ಲಿ ನಾವು ಭೂತನ್ಯೂನ, ವರ್ತಮಾನನ್ಯೂನ, ನಿಷೇಧನ್ಯೂನ ಎಂದು ಕಲಿಯುವ ‘ಬಂದು’, ‘ಬರುತ್ತ’, ‘ಬಾರದೆ’ ಎಂಬ ಮೂರು ರೂಪಗಳಿಗೂ ಹಳೆಯ ಜೆಕ್‌ನಲ್ಲಿ ಜೋಡಿಗಳಿವೆ. ಜೆಕ್ ವ್ಯಾಕರಣಕಾರರು ಇವುಗಳನ್ನು ‘ಪ್ರ್ಝೆಖೊದ್ನೀಕ್’ ಎಂದು ಕರೆಯುತ್ತಾರೆ. ‘ಪ್ರ್ಝಿಶೆದ್’ ಎಂದರೆ ‘ಬಂದು’. ‘ವಿದಾ’ ಎಂದರೆ ‘ನೋಡುತ್ತ’. ‘ನೆಮೆಶ್ಕಯೆ’ ಎಂದರೆ ‘ತಡಮಾಡದೆ’. ಇಂದಿನ ಆಡುಮಾತಿನ ಜೆಕ್‌ನಲ್ಲಿ ಈ ರೂಪಗಳು ಬಹುತೇಕ ಸತ್ತಿವೆ. ಪ್ರಾಗ್‌ನ ಶಾಲಾಮಕ್ಕಳು ಇವುಗಳನ್ನು ಉರುಹೊಡೆಯುವಾಗ ಮುಖ ಸಿಂಡರಿಸುತ್ತಾರೆ. ನಾವು ದಿನಕ್ಕೆ ನೂರು ಸಲ ಆಡುವ ರೂಪ ಅದು. ಪಠ್ಯಪುಸ್ತಕ ಇದನ್ನು ಕಷ್ಟದ ಪಾಠವೆಂದು ಕೊನೆಗೆ ತಳ್ಳಿರುತ್ತದೆ. ನೀವು ಮೊದಲಿಗೇ ಕಲಿಯಿರಿ.

ಒಂದು ಭೇದವಿದೆ, ಮತ್ತು ಅದು ಉಪಯುಕ್ತವಾದ ಭೇದ. ಕನ್ನಡದ ‘ಬಂದು’ ಯಾರು ಬಂದರೆಂದು ಹೇಳುವುದಿಲ್ಲ. ಜೆಕ್ ರೂಪ ಹೇಳುತ್ತದೆ. ‘ಪ್ರ್ಝಿಶೆದ್’ ಎಂದರೆ ಗಂಡಸೊಬ್ಬ ಬಂದು, ‘ಪ್ರ್ಝಿಶೆದ್ಶಿ’ ಎಂದರೆ ಹೆಂಗಸೊಬ್ಬಳು ಬಂದು, ‘ಪ್ರ್ಝಿಶೆದ್ಶೆ’ ಎಂದರೆ ಹಲವರು ಬಂದು. ಯಾತ್ರಿಕ ‘ನಾನು’ ಎಂಬುದರಿಂದ ‘ನಾವು’ ಎಂಬುದಕ್ಕೆ ಜಾರಿದಾಗ, ಅಂದರೆ ಒಂಟಿಯಾಗಿ ಅಲೆಯುತ್ತಿದ್ದವನು ತಂಡದೊಡನೆ ಸೇರಿಕೊಂಡಾಗ, ಅದರ ಮೊದಲ ಸುಳಿವು ಕೊಡುವುದು ಈ ಪದಾಂತ್ಯವೇ. 17ನೆಯ ಶತಮಾನದ ಕಡೆಗೆ ಬಂದಂತೆ ಈ ಹೊಂದಾಣಿಕೆ ಸಡಿಲವಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಪದಾಂತ್ಯ ಕರ್ತೃವಿಗೆ ಹೊಂದದಿದ್ದರೆ ಅದು ಅಚ್ಚಿನ ತಪ್ಪೇ ಆಗಿರಬೇಕೆಂದೇನೂ ಇಲ್ಲ.

ಮುಖ್ಯ ಕ್ರಿಯಾಪದದ ವಿಷಯದಲ್ಲಿ ಕಾಲ ನಿಮ್ಮ ಕಡೆಗಿದೆ. ಹಳೆಯ ಜೆಕ್‌ನಲ್ಲಿದ್ದ ಎರಡು ಸರಳ ಭೂತಕಾಲಗಳು 15ನೆಯ ಶತಮಾನದೊಳಗೆ ಬಳಕೆಯಿಂದ ಹೋಗಿದ್ದುದರಿಂದ ಕಬಾತ್ನೀಕ್‌ನಿಂದ ಹರಂತ್‌ವರೆಗೆ ಇಂದಿನ ಭೂತಕಾಲವೇ ಸಿಗುತ್ತದೆ. ಆದರೆ ಚಲನೆಯ ಕ್ರಿಯಾಪದಗಳಲ್ಲಿ ಎಚ್ಚರವಿರಬೇಕು. ‘ಶ್ಲಿ ಸ್ಮೆ’ ಎಂದರೆ ನಡೆದು ಹೋದೆವು, ‘ಯೆಲಿ ಸ್ಮೆ’ ಎಂದರೆ ಕುದುರೆ, ಗಾಡಿ ಅಥವಾ ಹಡಗಿನಲ್ಲಿ ಹೋದೆವು. ಕನ್ನಡದ ‘ಹೋದೆವು’ ಎರಡನ್ನೂ ನುಂಗಿಬಿಡುತ್ತದೆ. ವೆನಿಸ್‌ವರೆಗೆ ಸವಾರಿ ಮಾಡಿದವನು ಯಾವ ಊರಿನಲ್ಲಿ ಕುದುರೆ ಬಿಟ್ಟು ಕಾಲ್ನಡಿಗೆ ಹಿಡಿದನೆಂದು ಅವನು ಬೇರೆಯಾಗಿ ಹೇಳದೆ ಇರಬಹುದು. ಕ್ರಿಯಾಪದದಲ್ಲಿ ಅದು ಅಡಗಿರುತ್ತದೆ. ಅದಕ್ಕೆ ಹತ್ತುವ ಉಪಸರ್ಗಗಳೂ ಹಾಗೆಯೇ: ‘ಪ್ರ್ಝಿಯೆಲಿ’ ಎಂದರೆ ಬಂದು ಮುಟ್ಟಿದರು, ‘ಪ್ರ್ಝೆಯೆಲಿ’ ಎಂದರೆ ದಾಟಿದರು. ಒಂದು ಸ್ವರದ ವ್ಯತ್ಯಾಸದಲ್ಲಿ ಯಾತ್ರಿಕ ನದಿಯ ಈಚೆ ದಡದಲ್ಲಿ ಉಳಿಯುತ್ತಾನೆ, ಇಲ್ಲವೇ ಆಚೆ ದಡ ಸೇರುತ್ತಾನೆ.

‘ಅಂತೆ’ ಎಂಬುದನ್ನು ಹುಡುಕಿರಿ

ಪ್ರವಾಸಕಥನದ ಪ್ರಾಣವಿರುವುದು ಕಂಡದ್ದು ಮತ್ತು ಕೇಳಿದ್ದರ ನಡುವಿನ ಗೆರೆಯಲ್ಲಿ. ಕನ್ನಡ ಈ ಗೆರೆಯನ್ನು ‘ಅಂತೆ’ ಎಂಬ ಎರಡಕ್ಷರದಲ್ಲಿ ಎಳೆಯುತ್ತದೆ. ಜೆಕ್‌ನಲ್ಲಿ ಆ ಕೆಲಸ ‘ಪ್ರೀ’ ಎಂಬ ಪುಟ್ಟ ಪದದ್ದು. ‘ಹೇಳುತ್ತಾನೆ’ ಎಂಬ ಅರ್ಥದ ‘ಪ್ರವೀ’ ಎಂಬ ಕ್ರಿಯಾಪದ ಸವೆದು ಸವೆದು ‘ಪ್ರೀ’ ಆಗಿದೆ. ನಮ್ಮ ‘ಅಂತೆ’ಯೂ ‘ಅನ್ನು’ ಎಂಬ ಧಾತುವಿನ ಬಳಗದ್ದು ಎಂಬುದನ್ನು ನೆನೆದರೆ ದೂರದ ಎರಡು ಭಾಷೆಗಳು ಒಂದೇ ಉಪಾಯ ಕಂಡುಕೊಂಡದ್ದು ತಿಳಿಯುತ್ತದೆ. ಹಳೆಯ ಪಠ್ಯಗಳಲ್ಲಿ ಸವೆಯದ ರೂಪಗಳೂ ಬರುತ್ತವೆ: ‘ಪ್ರವೀ ಸೆ’ ಎಂದರೆ ಹೇಳಲಾಗುತ್ತದೆ, ‘ಯಕೊಜ್ ನಾಮ್ ಪ್ರವಿಲಿ’ ಎಂದರೆ ಅವರು ನಮಗೆ ಹೇಳಿದ ಹಾಗೆ. ‘ಜೆ ಬಿ’ ಎಂಬ ಜೋಡಿ ಬಂದರೆ ಇನ್ನೂ ಎಚ್ಚರ: ಹೇಳುವವನು ಆ ಮಾತಿನ ಹೊಣೆಯನ್ನು ತಾನು ಹೊರಲಾರೆನೆಂದು ಸಣ್ಣಗೆ ಸೂಚಿಸುತ್ತಿರುತ್ತಾನೆ. ಇದಕ್ಕೆ ಎದುರಾಗಿ ‘ವಿದ್ಯೆಲ್ ಸೆಮ್’ ಎಂದರೆ ‘ನಾನು ನೋಡಿದೆ’. ಜೆಕ್‌ನ ನೋಡು, ತಿಳಿ ಎಂಬ ಅರ್ಥದ ಎರಡು ಕ್ರಿಯಾಪದಗಳೂ ಸಂಸ್ಕೃತದ ‘ವಿದ್’ ಧಾತುವಿನ ಬಂಧುಗಳಾದ್ದರಿಂದ ‘ವಿದ್ಯೆ’ ಬಲ್ಲವರಿಗೆ ಈ ಪದ ಮರೆಯುವುದಿಲ್ಲ.

ಓದುವಾಗ ಪುಟದ ಅಂಚಿನಲ್ಲಿ ಕಂಡದ್ದಕ್ಕೆ ಒಂದು ಗುರುತು, ಕೇಳಿದ್ದಕ್ಕೆ ಇನ್ನೊಂದು ಗುರುತು ಹಾಕುತ್ತ ಹೋಗಿರಿ. ಇಂಗ್ಲಿಷ್ ಅನುವಾದ ಹಿಡಿದವರು ‘ಅಂತೆ’ ಕಳಚಿಹೋಗಿ ಯಾತ್ರಿಕನನ್ನು ಮೂಢನಂಬಿಕೆಯವನೆಂದು ಬಗೆಯುವುದುಂಟು. ಮೂಲದಲ್ಲಿ ಅವನು ತನ್ನ ಪಾಲಿನ ಎಚ್ಚರವನ್ನು ವಹಿಸಿಯೇ ಇರುತ್ತಾನೆ.

ಎರಡು ಪುಟ್ಟ ಪದಗಳು ಇದೇ ಜಾಗದಲ್ಲಿ ಹೊಸಬರನ್ನು ಬೀಳಿಸುತ್ತವೆ. ಇಂದಿನ ಜೆಕ್‌ನಲ್ಲಿ ‘ನೆಬೊ’ ಎಂದರೆ ‘ಅಥವಾ’. ಹಳೆಯ ಗದ್ಯದಲ್ಲಿ ‘ನೆಬೊ’ ಅಥವಾ ‘ನೆಬ್’ ಎಂಬುದಕ್ಕೆ ಬಹುಸಲ ‘ಏಕೆಂದರೆ’ ಎಂಬ ಅರ್ಥ. ಇಂದಿನ ‘ಅನೊ’ ಎಂದರೆ ‘ಹೌದು’. ಹಳೆಯ ಗದ್ಯದಲ್ಲಿ ಅದು ನೋಟದ ಮುಂದೆ ತಟ್ಟನೆ ಏನೋ ಎದುರಾದುದನ್ನು ತೋರಿಸುವ ಪದ. ‘ಉಜ್ರ್ಝೆಲಿ ಸ್ಮೆ, ಅನೊ ಹೊರಾ ಹೊರ್ಝೀ’ ಎಂಬಂಥ ವಾಕ್ಯವನ್ನು ನಿಘಂಟಿನ ಪ್ರಕಾರ ‘ನಾವು ಕಂಡೆವು, ಹೌದು, ಬೆಟ್ಟ ಉರಿಯುತ್ತದೆ’ ಎಂದು ಬರೆದು ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ. ಅದರ ಸರಿಯಾದ ಕನ್ನಡ ನಮ್ಮ ನಾಲಿಗೆಯ ಮೇಲೆಯೇ ಇತ್ತು: ‘ನೋಡಿದರೆ, ಬೆಟ್ಟ ಹೊತ್ತಿ ಉರಿಯುತ್ತಿದೆ!’ ಕಥೆ ಭೂತಕಾಲದಲ್ಲಿ ಸಾಗುತ್ತಿದ್ದರೂ ಕಂಡ ಕ್ಷಣ ಮಾತ್ರ ವರ್ತಮಾನಕ್ಕೆ ನೆಗೆಯುವುದು ಎರಡೂ ಭಾಷೆಗಳಲ್ಲಿ ಒಂದೇ ರೀತಿ.

ಎಣಿಕೆ, ತಾಸು, ದಿನ

ನನ್ನ ಅತಿ ದೊಡ್ಡ ತಪ್ಪು ಆದದ್ದು ಸಂಖ್ಯೆಯಲ್ಲಿ. ‘ಪೂಲ್’ ಎಂದರೆ ಅರ್ಧ, ‘ತ್ರ್ಝೆತೀ’ ಎಂದರೆ ಮೂರನೆಯದು ಎಂದು ಬಲ್ಲ ನಾನು ‘ಪೂಲ್ ತ್ರ್ಝೆತೀ ಮೀಲೆ’ ಎಂಬುದನ್ನು ಮೂರೂವರೆ ಮೈಲಿ ಎಂದು ಧೈರ್ಯವಾಗಿ ಅನುವಾದಿಸುತ್ತ ಒಂದಿಡೀ ಅಧ್ಯಾಯ ಮುಗಿಸಿದ್ದೆ. ಎರಡು ಊರುಗಳ ನಡುವಿನ ದೂರಗಳ ಮೊತ್ತ ಲೇಖಕ ಕೊಟ್ಟ ಮೊತ್ತಕ್ಕೆ ಹೊಂದದಿದ್ದಾಗ ಅವನಿಗೆ ಲೆಕ್ಕ ಬಾರದೆಂದು ಅಡಿಟಿಪ್ಪಣಿಯನ್ನೂ ಹಾಕಿದ್ದೆ. ಲೆಕ್ಕ ಬಾರದವನು ನಾನೇ. ‘ಅರ್ಧ ಮೂರನೆಯದು’ ಎಂದರೆ ಎರಡು ಪೂರ್ತಿ ಮುಗಿದು ಮೂರನೆಯದರಲ್ಲಿ ಅರ್ಧ, ಅಂದರೆ ಎರಡೂವರೆ. ‘ಅರ್ಧ ಎರಡನೆಯದು’ ಎಂದರೆ ಒಂದೂವರೆ. ಸಂಖ್ಯೆಗಳನ್ನು ‘ಐದು ಮತ್ತು ಇಪ್ಪತ್ತು’ ಎಂದು ತಿರುಗಾಮುರುಗಾ ಹೇಳುವುದೂ ಉಂಟು. ‘ಕೊಪಾ’ ಎಂಬುದು ರಾಶಿ ಎಂಬ ಅರ್ಥದ ಪದವೇ ಆದರೂ ಲೆಕ್ಕದಲ್ಲಿ ಅದು ಖಚಿತವಾಗಿ ಅರವತ್ತು. ಎರಡು ಕೊಪಾ ಗ್ರೋಶ್ ಎಂದರೆ ನೂರಿಪ್ಪತ್ತು ಗ್ರೋಶ್ ನಾಣ್ಯಗಳು.

ಮೈಲಿಯನ್ನು ಕಿಲೋಮೀಟರಿಗೆ ಇಳಿಸುವ ಆತುರ ಬೇಡ. ಜೆಕ್ ಮೈಲಿ ಇಂದಿನ ಏಳು ಕಿಲೋಮೀಟರಿಗಿಂತ ಹೆಚ್ಚು. ಕಡಲಿನ ಮೇಲೆ ಯಾತ್ರಿಕರು ಲೆಕ್ಕ ಹಾಕುತ್ತಿದ್ದ ಇಟಲಿಯ ಮೈಲಿ ಎರಡು ಕಿಲೋಮೀಟರಿಗಿಂತ ಕಡಿಮೆ. ವೆನಿಸ್ ಬಿಟ್ಟೊಡನೆ ಸಂಖ್ಯೆಗಳು ಇದ್ದಕ್ಕಿದ್ದಂತೆ ಉಬ್ಬಿದರೆ ಹಡಗು ವೇಗವಾಯಿತೆಂದಲ್ಲ, ಅಳತೆಗೋಲು ಬದಲಾಯಿತೆಂದು ಅರ್ಥ.

ತಾಸಿನ ಎಣಿಕೆ ಇದಕ್ಕಿಂತ ಸ್ವಾರಸ್ಯದ್ದು. ಹಳೆಯ ಜೆಕ್ ಪದ್ಧತಿಯಲ್ಲಿ ದಿನ ಆರಂಭವಾಗುವುದು ಸೂರ್ಯಾಸ್ತಕ್ಕೆ. ಅಲ್ಲಿಂದ ಮರುದಿನದ ಸೂರ್ಯಾಸ್ತಕ್ಕೆ ಇಪ್ಪತ್ತನಾಲ್ಕು ತಾಸು. ಆದ್ದರಿಂದ ‘ಇಪ್ಪತ್ತೆರಡನೆಯ ತಾಸಿಗೆ ಊರು ಮುಟ್ಟಿದೆವು’ ಎಂದರೆ ರಾತ್ರಿ ಹತ್ತು ಗಂಟೆಯಲ್ಲ, ಹೊತ್ತು ಮುಳುಗಲು ಎರಡು ತಾಸು ಇರುವಾಗ ಎಂದರ್ಥ. ಪ್ರಾಗ್‌ನ ಹಳೆಯೂರ ಚೌಕದಲ್ಲಿ 1410ರಿಂದ ಇರುವ ಖಗೋಲ ಗಡಿಯಾರದ ಹೊರ ಉಂಗುರ ಇಂದಿಗೂ ಈ ತಾಸುಗಳನ್ನೇ ತೋರಿಸುತ್ತದೆ; ಪ್ರವಾಸಿಗರು ಕೆಳಗೆ ನಿಂತು ಗಡಿಯಾರ ಕೆಟ್ಟಿದೆಯೆಂದುಕೊಳ್ಳುವುದು ಅದರಿಂದಲೇ. ಹನ್ನೆರಡು ಹನ್ನೆರಡಾಗಿ ಎಣಿಸುವ ಪದ್ಧತಿಯೂ 16ನೆಯ ಶತಮಾನದಲ್ಲಿ ಜೊತೆಯಾಗಿ ಬಂದುದರಿಂದ, ಹನ್ನೆರಡಕ್ಕಿಂತ ಕಡಿಮೆಯ ಸಂಖ್ಯೆ ಬಂದಾಗ ಹಿಂದುಮುಂದಿನ ವಾಕ್ಯಗಳಲ್ಲಿ ಊಟವೋ ನಿದ್ದೆಯೋ ಏನಿದೆಯೆಂದು ನೋಡಿಯೇ ನಿರ್ಧರಿಸಬೇಕು.

ತಿಥಿಗಳನ್ನು ಸಂತರ ಹಬ್ಬಗಳಿಂದ ಹೇಳುತ್ತಾರೆ. ಸಂತ ವಾತ್ಸ್ಲಾವ್‌ನ ದಿನ ಸೆಪ್ಟೆಂಬರ್ 28, ಸಂತ ಹಾವೆಲ್‌ನ ದಿನ ಅಕ್ಟೋಬರ್ 16. ಸಂತ ಯಿರ್ಝೀ ಅಥವಾ ಜಾರ್ಜ್‌ನ ದಿನ ಬೇರೆಡೆ ಏಪ್ರಿಲ್ 23 ಆದರೆ ಜೆಕ್ ನಾಡಾದ ಬೊಹಿಮಿಯದಲ್ಲಿ 24. ಗ್ರೆಗೋರಿಯನ್ ಪಂಚಾಂಗ ಅಲ್ಲಿ ಜಾರಿಗೆ ಬಂದದ್ದು 1584ರಲ್ಲಿ. ಹಾಗಾಗಿ ಪ್ರೆಫಾತ್‌ನ ದಿನಾಂಕಗಳು ಹಳೆಯ ಪಂಚಾಂಗದವು, ಹರಂತ್‌ನವು ಹೊಸತರವು.

ಊರುಗಳ ಹೆಸರು ಮತ್ತು ಎರವಲು ಪದಗಳು

ಭೂಪಟ ಪಕ್ಕದಲ್ಲಿಟ್ಟುಕೊಂಡರೂ ಊರುಗಳು ಸಿಗುವುದಿಲ್ಲ, ಏಕೆಂದರೆ ಜೆಕ್ ಎಷ್ಟೋ ಊರುಗಳಿಗೆ ತನ್ನದೇ ಹೆಸರು ಇಟ್ಟಿದೆ. ‘ಬೆನಾತ್ಕಿ’ ಎಂದರೆ ವೆನಿಸ್, ‘ಮ್ನಿಖೊವ್’ ಎಂದರೆ ಮ್ಯೂನಿಕ್, ‘ರ್ಝೆಜ್ನೊ’ ಎಂದರೆ ರೇಗನ್ಸ್‌ಬುರ್ಗ್. ಇಸ್ತಾಂಬುಲ್ ‘ತ್ಸರ್ಝಿಹ್ರದ್’, ಅಂದರೆ ಚಕ್ರವರ್ತಿಯ ಕೋಟೆ. ತುರ್ಕರು ಆ ನಗರವನ್ನು 1453ರಲ್ಲಿ ಗೆದ್ದ ಮೇಲೆಯೂ ಯಾತ್ರಿಕರ ಬಾಯಲ್ಲಿ ಇದೇ ಹೆಸರು ಉಳಿಯಿತು. ದೇಶಗಳ ಹೆಸರು ಹಲವೆಡೆ ಆ ಜನರ ಹೆಸರಿನ ಬಹುವಚನವೇ ಆಗಿದೆ: ‘ದೊ ವ್ಲಾಖ್’ ಎಂದರೆ ಅಕ್ಷರಶಃ ‘ವ್ಲಾಖರೊಳಕ್ಕೆ’, ತಾತ್ಪರ್ಯದಲ್ಲಿ ‘ಇಟಲಿಗೆ’, ‘ದೊ ಉಹೆರ್’ ಎಂದರೆ ‘ಹಂಗೇರಿಗೆ’. ಜರ್ಮನರನ್ನು ಕರೆಯುವ ‘ನ್ಯೆಮೆತ್ಸ್’ ಎಂಬ ಪದ ‘ಮೂಗ’ ಎಂಬ ಪದದಿಂದ ಬಂದದ್ದು. ನಮ್ಮ ಮಾತು ಬಾರದವನು ಮೂಗನೆಂಬ ಭಾವ.

ತುರ್ಕರ ಆಡಳಿತದ ಪದಗಳು ಬಂದಾಗ ಕನ್ನಡಿಗರಿಗೆ ಹಳೆಯ ಪರಿಚಯದವರು ಸಿಕ್ಕಂತಾಗುತ್ತದೆ. ವ್ರತಿಸ್ಲಾವ್‌ನ ಕಥೆಯಲ್ಲಿ ಎದುರಾಗುವ ದಿವಾನ್, ಕಾದಿ (ನಮ್ಮ ಖಾಜಿ), ಪಾಶಾ ಮೊದಲಾದವು ಪಾರಸಿ, ಅರಬ್ಬಿ, ತುರ್ಕಿ ಹಾದಿಯಲ್ಲಿ ಆ ಕಡೆಗೂ ಹೋದವು, ಈ ಕಡೆಗೂ ಬಂದವು. ಆದರೆ ಪರಿಚಯವೇ ಮೋಸ ಮಾಡುವುದುಂಟು: ಮೈಸೂರಿನ ನೆನಪಿನಲ್ಲಿ ‘ದಿವಾನ’ ಎಂದರೆ ಒಬ್ಬ ಮಂತ್ರಿ, ಇಸ್ತಾಂಬುಲ್‌ನಲ್ಲಿ ಅದು ಮಂತ್ರಿಗಳ ಸಭೆ. ಮುಸ್ಲಿಮರಿಗೆ ಈ ಲೇಖಕರು ಬಳಸುವ ‘ಪೊಹನ್’ ಎಂಬ ಪದಕ್ಕೆ ನಿಘಂಟಿನ ಅರ್ಥ ಅನ್ಯಧರ್ಮದ ವಿಗ್ರಹಾರಾಧಕ ಎಂದು. ಅದನ್ನು ಅನುವಾದದಲ್ಲಿ ನಯಗೊಳಿಸುವುದು ನನಗೆ ಸರಿಯೆನಿಸುವುದಿಲ್ಲ, ಅವರ ಪೂರ್ವಗ್ರಹವೂ ಓದಬೇಕಾದ ಸಂಗತಿಯೇ. ಒಂಟೆಗೆ ಇರುವ ‘ವೆಲ್‌ಬ್ಲೌದ್’ ಎಂಬ ಪದದ ಹಿಂದೆ ಜರ್ಮನ್‌ನ ಬಳಗದ ಪ್ರಾಚೀನ ಭಾಷೆಯಾದ ಗೋಥಿಕ್ ಮೂಲಕ ಬಂದ, ಗ್ರೀಕ್‌ನಲ್ಲಿ ‘ಆನೆ’ ಎಂಬ ಅರ್ಥದ ಪದವಿದೆ; ಎರಡನ್ನೂ ಕಾಣದವರ ಬಾಯಲ್ಲಿ ಆನೆ ಒಂಟೆಯಾಯಿತು. ಮತ್ತೊಂದು ಎಚ್ಚರಿಕೆ: ‘ಹ್ರುಬೀ’ ಎಂದರೆ ಇಂದು ಒರಟು, ಅಂದು ಬಹುತೇಕ ‘ದೊಡ್ಡ’; ‘ಹ್ರುಬೀ’ ಗೋಪುರ ಕಂಡರೆ ಗಾರೆಯನ್ನು ದೂರಬೇಡಿರಿ.

ಪದಗಳ ಅರ್ಥಕ್ಕೆ ಇಂದಿನ ಸಣ್ಣ ನಿಘಂಟು ಸಾಲದು. ಜೆಕ್ ವಿಜ್ಞಾನ ಅಕಾಡೆಮಿಯ ಜೆಕ್ ಭಾಷಾ ಸಂಸ್ಥೆ ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿರುವ ‘ವೊಕಾಬುಲಾರ್ಝ್ ವೆಬೊವೀ’ ಎಂಬ ತಾಣದಲ್ಲಿ ಹಳೆಯ ಜೆಕ್ ನಿಘಂಟುಗಳನ್ನು ಒಟ್ಟಿಗೆ ಹುಡುಕಬಹುದು. 16ನೆಯ ಶತಮಾನದ ಪದ ಅಲ್ಲಿ ಸಿಗದಿದ್ದರೆ ಯೊಸೆಫ್ ಯುಂಗ್ಮನ್ 1834ರಿಂದ 1839ರ ನಡುವೆ ಐದು ಸಂಪುಟಗಳಲ್ಲಿ ಹೊರತಂದ ಜೆಕ್–ಜರ್ಮನ್ ನಿಘಂಟಿಗೆ ಹೋಗಬೇಕು. ಹಳೆಯ ಗ್ರಂಥಗಳಿಂದ ಅವನು ಆಯ್ದು ಕೊಟ್ಟ ಉದಾಹರಣೆಗಳೇ ಎಷ್ಟೋ ಸಲ ಅರ್ಥವನ್ನು ತಿಳಿಸುತ್ತವೆ.

ಒಂದು ವಾಕ್ಯವನ್ನು ಬಿಡಿಸಿ ನೋಡೋಣ

ಅಭ್ಯಾಸಕ್ಕೆಂದು ಆ ಕಾಲದ ಶೈಲಿಯಲ್ಲಿ ನಾನೇ ಕಟ್ಟಿದ ವಾಕ್ಯ ಇದು; ಯಾವ ಗ್ರಂಥದ್ದೂ ಅಲ್ಲ. ‘ಅ ವ್ಸ್ತಾವ್ಶೆ ರಾನೊ, ವಿಶ್ಲಿ ಸ್ಮೆ ಜ್ ತೊಹೊ ಮ್ಯೆಸ್ತಾ, ಅ ಒ ದ್ವಾದ್ವತ್ಸಾತೇ ಹೊದಿನ್ಯೆ ಪ್ರ್ಝಿಶೆದ್ಶೆ ಕ್ ಯೆದ್ನೇ ರ್ಝೆತ್ಸೆ, ಉಜ್ರ್ಝೆಲಿ ಸ್ಮೆ, ಅನೊ ವೆಲಿಕೀ ವೆಲ್‌ಬ್ಲೌದ್ ವ್ ಬ್ಲಾತ್ಯೆ ಲೆಜೀ, ನೆಬ್ ಬಿಲ್ ತು ಮೊಸ್ತ್ ಪ್ರ್ಝೆದ್ ಪೂಲ್ ತ್ರ್ಝೆತೀಮ್ ಲೇತೆಮ್ ಸ್ಪದ್ಲ್, ಯಕೊಜ್ ನಾಮ್ ಪ್ರವಿಲಿ.’

ಮೊದಲು ನ್ಯೂನಗಳನ್ನು ಹಿಡಿಯಿರಿ: ‘ವ್ಸ್ತಾವ್ಶೆ’, ‘ಪ್ರ್ಝಿಶೆದ್ಶೆ’. ಎರಡರದೂ ಬಹುವಚನದ ಅಂತ್ಯ, ಆದ್ದರಿಂದ ಹೊರಟವರು ಹಲವರು. ‘ವಿಶ್ಲಿ’ ಎಂಬುದರಲ್ಲಿ ‘ಶ್ಲಿ’ ಇದೆ, ಆದ್ದರಿಂದ ಕಾಲ್ನಡಿಗೆ. ‘ದ್ವಾದ್ವತ್ಸಾತೇ’ ಇಪ್ಪತ್ತೆರಡನೆಯ ತಾಸು, ಆದ್ದರಿಂದ ಇಳಿಹೊತ್ತು. ‘ಅನೊ’ ಹೌದಲ್ಲ, ‘ನೆಬ್’ ಅಥವಾ ಅಲ್ಲ, ‘ಪೂಲ್ ತ್ರ್ಝೆತೀಮ್’ ಮೂರೂವರೆ ಅಲ್ಲ. ‘ಬಿಲ್ … ಸ್ಪದ್ಲ್’ ಎಂದು ಎರಡು ಭೂತರೂಪಗಳು ಜೊತೆಯಾಗಿ ಬಂದರೆ ಅದು ಹಿಂದಿನದಕ್ಕೂ ಹಿಂದಿನ ಕಾಲ, ನಮ್ಮ ‘ಬಿದ್ದಿತ್ತು’ ಎಂಬಂತೆ. ಕೊನೆಯಲ್ಲಿ ಬಂದ ‘ಪ್ರವಿಲಿ’ ಸೇತುವೆಯ ಸುದ್ದಿಗೆ ಮಾತ್ರ ಅನ್ವಯಿಸುತ್ತದೆ. ಒಂಟೆಯನ್ನು ಅವರು ಕಣ್ಣಾರೆ ಕಂಡಿದ್ದಾರೆ. ಇಷ್ಟನ್ನೂ ಸೇರಿಸಿ ಬರೆದರೆ ಕನ್ನಡದ ವಾಕ್ಯ ತಾನಾಗಿ ನಿಲ್ಲುತ್ತದೆ:

‘ಬೆಳಿಗ್ಗೆ ಎದ್ದು ಆ ಪಟ್ಟಣದಿಂದ ನಡೆದು ಹೊರಟೆವು, ಹೊತ್ತು ಮುಳುಗಲು ಎರಡು ತಾಸಿರುವಾಗ ಒಂದು ಹೊಳೆಯ ಬಳಿಗೆ ಬಂದು ನೋಡಿದರೆ, ದೊಡ್ಡದೊಂದು ಒಂಟೆ ಕೆಸರಿನಲ್ಲಿ ಬಿದ್ದಿದೆ, ಏಕೆಂದರೆ ಅಲ್ಲಿದ್ದ ಸೇತುವೆ ಎರಡೂವರೆ ವರ್ಷದ ಹಿಂದೆ ಕುಸಿದುಬಿದ್ದಿತ್ತಂತೆ.’